ಹೊಟ್ಟೆ ತುಂಬಿದರೂ ಹಸಿದ ಮೆದುಳು: ಲೋಣಾವಳಾದಿಂದ ಮೈಸೂರಿನವರೆಗೆ ಊಟದ ಒಂದು ಇತಿಹಾಸ



ಪುಣೆಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಲೋಣಾವಳಾ ಅಂದರೆ ಏನು? ಮಳೆಗಾಲದ ಶನಿವಾರ, ಎಕ್ಸ್‌ಪ್ರೆಸ್‌ವೇ ಟ್ರಾಫಿಕ್, ಭುಶಿ ಡ್ಯಾಮ್, ವಾಪಸ್ ಬರುವಾಗ ನಾಲ್ಕು ಪೊಟ್ಟಣ ಚಿಕ್ಕಿ. ಇವತ್ತಿನ ಮಾತು ಶುರುವಾಗೋದು ಅದೇ ಊರಿನಿಂದ. ಆದರೆ ವಿಷಯ ಪಿಕ್ನಿಕ್ ಅಲ್ಲ, ಊಟ. ನಾವು ಉಣ್ಣುವ ಅನ್ನಕ್ಕೂ ನಮ್ಮ ಮನಸ್ಸಿಗೂ, ವಯಸ್ಸಾದ ಮೇಲೆ ಉಳಿಯುವ ನೆನಪಿಗೂ ಏನು ಸಂಬಂಧ ಅನ್ನುವುದನ್ನು ನಮ್ಮ ದಖ್ಖನ್ನಿನ ಸುತ್ತಮುತ್ತಲೇ ಜನ ಹೇಗೆ ಹುಡುಕಿದರು ಅನ್ನೋ ಕಥೆ ಇದು.

ಯಾಕೆ ಇದನ್ನು ಈಗ ಹೇಳಬೇಕು? ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಒಂದೇ ಥರದ ಎರಡು ಮಾತು ಕೇಳಿಬರುತ್ತವೆ. ಊರಿಂದ ಬರುವ ಫೋನಿನಲ್ಲಿ, "ಅಪ್ಪಾಜಿ ಈಚೆಗೆ ತುಂಬಾ ಮರೀತಾರೆ, ವಯಸ್ಸಾಯ್ತಲ್ಲ." ಇಲ್ಲಿ ರೂಮಿನಲ್ಲಿ, "ಅವನಿಗೆ ಯಾವುದರಲ್ಲೂ ಆಸಕ್ತಿ ಇಲ್ಲ, ಸುಮ್ನೆ ಸೋಮಾರಿ ಆಗಿದಾನೆ." ವಯಸ್ಸು, ಸೋಮಾರಿತನ ಅಂತ ಹೆಸರಿಟ್ಟ ಕೂಡಲೇ ನಾವು ಹುಡುಕೋದನ್ನು ನಿಲ್ಲಿಸಿಬಿಡ್ತೀವಿ. ಹಾಗೆ ನಿಲ್ಲಿಸದೇ ಇದ್ದ ಕೆಲವರ ಇತಿಹಾಸ ಇವತ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಇದನ್ನು ಇತಿಹಾಸ ಅಂತ ಓದಿ, ಚಿಕಿತ್ಸೆ ಅಂತ ಅಲ್ಲ.

ಉದ್ದಾಲಕನ ಪ್ರಯೋಗ

ಅನ್ನಕ್ಕೂ ನೆನಪಿಗೂ ನಂಟು ಕಟ್ಟುವ ನಮ್ಮ ಹಳೆಯ ಕಥೆ ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿದೆ. ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ, ಉಂಡ ಅನ್ನದ ಅತಿ ಸೂಕ್ಷ್ಮ ಭಾಗವೇ ಮನಸ್ಸಾಗುತ್ತದೆ ಅಂತ ಹೇಳುತ್ತಾನೆ. ಮಗನಿಗೆ ಇದು ತಲೆಗೆ ಹೋಗುವುದಿಲ್ಲ. ಆಗ ಅಪ್ಪ, ಹದಿನೈದು ದಿನ ಏನೂ ತಿನ್ನಬೇಡ, ನೀರು ಮಾತ್ರ ಬೇಕಾದಷ್ಟು ಕುಡಿ ಅನ್ನುತ್ತಾನೆ. ಹದಿನಾರನೇ ದಿನ ಮಗನನ್ನು ಕೂರಿಸಿಕೊಂಡು ವೇದ ಹೇಳು ಅಂದರೆ, ವರ್ಷಗಟ್ಟಲೆ ಕಲಿತದ್ದು ಒಂದೂ ನೆನಪಿಗೆ ಬರುವುದಿಲ್ಲ. ಊಟ ಮಾಡಿ ಬಾ ಅಂತ ಕಳಿಸುತ್ತಾನೆ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಸರಾಗವಾಗಿ ಉತ್ತರ.

ಇದನ್ನು ವಿಜ್ಞಾನ ಅಂತ ಕರೆದು ಎದೆ ತಟ್ಟಿಕೊಳ್ಳೋದು ಬೇಡ. ಆದರೂ ಕಥೆ ಕಟ್ಟಿದ ರೀತಿ ಗಮನಿಸಿ. ಒಂದು ವಸ್ತುವನ್ನು ತೆಗೆ, ಏನಾಗುತ್ತೆ ನೋಡು, ಮತ್ತೆ ಕೊಡು, ಏನಾಗುತ್ತೆ ನೋಡು. ನಾವು ಬಗ್ ಹುಡುಕೋದೂ ಹೀಗೇ ಅಲ್ವಾ? ಇವತ್ತಿನ ಲೆಕ್ಕದಲ್ಲಿ ಮೆದುಳು ದೇಹದ ತೂಕದ ಸುಮಾರು 2 ಶೇಕಡ ಮಾತ್ರ, ಆದರೆ ಸುಮ್ಮನೆ ಕೂತಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಶೇಕಡ ಅದಕ್ಕೇ ಹೋಗುತ್ತದೆ. ಊಟ ನಿಂತರೆ ಮೆದುಳು ಸೋಲುವುದು ಆಶ್ಚರ್ಯವಲ್ಲ. ಕಷ್ಟದ ಪ್ರಶ್ನೆ ಬೇರೆ ಇದೆ. ಮೂರು ಹೊತ್ತು ಹೊಟ್ಟೆ ತುಂಬ ಉಂಡವನ ಮೆದುಳೂ ಹಸಿದಿರಬಹುದೇ?

1924, ಲೋಣಾವಳಾ

ಜಗನ್ನಾಥ ಗಣೇಶ ಗುಣೆ ಹುಟ್ಟಿದ್ದು 1883ರಲ್ಲಿ, ಗುಜರಾತಿನ ದಭೋಯಿಯಲ್ಲಿ, ಒಂದು ಮರಾಠಿ ಮನೆತನದಲ್ಲಿ. ಸಂಸ್ಕೃತದ ಒಳ್ಳೆಯ ವಿದ್ಯಾರ್ಥಿ, ಬರೋಡದಲ್ಲಿ ಮಾಣಿಕರಾವ್ ಅವರ ಗರಡಿಯಲ್ಲಿ ಪಳಗಿದವರು, ಆಮೇಲೆ ಮಾಲ್ಸರ್‌ನ ಮಾಧವದಾಸರ ಹತ್ತಿರ ಯೋಗ ಕಲಿತರು. ಸ್ವಾಮಿ ಕುವಲಯಾನಂದ ಅಂತ ಹೆಸರಾದದ್ದು ಇವರೇ. ಗುರು ಹೇಳಿದ್ದನ್ನು ನಂಬಿ ಸುಮ್ಮನಿರುವ ಸ್ವಭಾವ ಅವರದಾಗಿರಲಿಲ್ಲ. 1920ರ ಹೊತ್ತಿಗೆ ಬರೋಡದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರದ ಮುಂದೆ ಉಡ್ಡೀಯಾನ, ನೌಲಿ ಮಾಡಿಸಿ, ಒಳಗೆ ಏನು ನಡೆಯುತ್ತೆ ಅಂತ ನೋಡಲು ಹೊರಟರು. 1924ರಲ್ಲಿ ಲೋಣಾವಳಾದಲ್ಲಿ ಕೈವಲ್ಯಧಾಮ ಶುರು ಮಾಡಿದರು. ಅದೇ ವರ್ಷ 'ಯೋಗ ಮೀಮಾಂಸಾ' ಅನ್ನುವ ಪತ್ರಿಕೆಯೂ ಬಂತು. ಒಂದೇ ಸಂಸ್ಥೆಯಲ್ಲಿ ಪ್ರಯೋಗಾಲಯವೂ ಇತ್ತು, ಹಳೆಯ ಯೋಗಗ್ರಂಥಗಳ ಪಾಠ ಶೋಧಿಸುವ ಕೆಲಸವೂ ಇತ್ತು. 1963ರಲ್ಲಿ ಅವರು ಎಸ್. ಎಲ್. ವಿನೇಕರ್ ಜೊತೆ ಬರೆದ ಯೋಗ ಚಿಕಿತ್ಸೆಯ ಪುಸ್ತಕವನ್ನು ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯೇ ಪ್ರಕಟಿಸಿತು.

ಕೈವಲ್ಯಧಾಮ 1970ರಲ್ಲಿ ಪರಿಷ್ಕರಿಸಿ ತಂದ 'ಹಠಪ್ರದೀಪಿಕಾ' ಸುಮಾರು ಹದಿನೈದನೇ ಶತಮಾನದ ಗ್ರಂಥ. ಅದರಲ್ಲಿ ಊಟದ ಬಗ್ಗೆ ಸ್ಪಷ್ಟ ಸೂಚನೆಗಳಿವೆ. ಒಂದು, ಮಿತಾಹಾರ, ಅಂದರೆ ಹೊಟ್ಟೆಯ ಕಾಲು ಭಾಗ ಖಾಲಿ ಬಿಡುವಷ್ಟು ಊಟ. ಎರಡು, ಏನು ತಿನ್ನಬೇಕು, ಏನು ಬಿಡಬೇಕು ಅನ್ನುವ ಪಟ್ಟಿ. ಗೋಧಿ, ಅಕ್ಕಿ, ಹೆಸರು, ಹಾಲು, ತುಪ್ಪ, ಶುಂಠಿ ಇವೆಲ್ಲ ಪಥ್ಯ. ಬಿಡಬೇಕಾದ ಪಟ್ಟಿ ಕೇಳಿದರೆ ನಮ್ಮವರು ಬೆಚ್ಚಿಬೀಳಬೇಕು: ಮೊಸರು, ಮಜ್ಜಿಗೆ, ಹುರುಳಿ, ಹಿಂಗು, ಬೆಳ್ಳುಳ್ಳಿ! ಹುರುಳಿ ಸಾರು, ಮಜ್ಜಿಗೆ ಅನ್ನ ಉಂಡು ಬೆಳೆದ ನಮ್ಮಂಥವರು ಹಠಯೋಗಕ್ಕೆ ಲಾಯಕ್ಕೇ ಅಲ್ಲ.

ತಮಾಷೆ ಸಾಕು. ಈ ಪರಂಪರೆ ಕೇಳಿದ ಪ್ರಶ್ನೆ ದೊಡ್ಡದು. ಎಷ್ಟು ತಿನ್ನಬೇಕು, ತಿಂದದ್ದು ಮನಸ್ಸನ್ನು ಚಂಚಲ ಮಾಡುತ್ತದೆಯೋ ಸ್ಥಿರ ಮಾಡುತ್ತದೆಯೋ? ಆದರೆ ಇದು ಮುಖ್ಯವಾಗಿ *ಬಿಡುವ* ದಾರಿ. ತಟ್ಟೆಯಲ್ಲಿ *ಇಲ್ಲದೇ ಇರುವುದು* ಏನು ಅನ್ನುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆ ಪ್ರಶ್ನೆ ಎದ್ದದ್ದು ಅದೇ ದಶಕದಲ್ಲಿ, ಲೋಣಾವಳಾ ಘಟ್ಟ ಇಳಿದು ರೈಲು ಸೇರುವ ಬೊಂಬಾಯಿಯಲ್ಲಿ.

ಘಟ್ಟದ ಕೆಳಗೆ, ಗಿರಣಿಗಳ ಊರಲ್ಲಿ

1928ರಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ಕೆಲಸ ಮಾಡುವ ಬಡ ಹೆಂಗಸರು ಬಸುರಿಯಾದಾಗ ತೀವ್ರ ರಕ್ತಹೀನತೆಗೆ ತುತ್ತಾಗುತ್ತಿದ್ದರು. ಕಾರಣ ಹುಡುಕುವುದು ಅವರ ಕೆಲಸ. ಸೋಂಕು ಇರಬಹುದೇ ಅಂತ ನೋಡಿದರು, ಅದಲ್ಲ. ಆಗ ಆ ಹೆಂಗಸರು ಏನು ತಿನ್ನುತ್ತಾರೆ ಅಂತ ನೋಡಿದರು. ಇಲಿಗಳಿಗೆ, ಕೋತಿಗಳಿಗೆ ಅಂಥದೇ ಆಹಾರ ಕೊಟ್ಟು ಪರೀಕ್ಷಿಸಿದರು. ಕೊನೆಗೆ ಗುಣ ಕೊಟ್ಟದ್ದು ಮಾರ್ಮೈಟ್, ಅಂದರೆ ಯೀಸ್ಟಿನಿಂದ ತೆಗೆದ ಅಗ್ಗದ ಸಾರ. 1931ರಲ್ಲಿ ಇದನ್ನು ಪ್ರಕಟಿಸಿದರು. ಅದರೊಳಗೆ ಏನೋ ಒಂದು ವಸ್ತು ಇದೆ, ಏನು ಅಂತ ಆಗ ಗೊತ್ತಿರಲಿಲ್ಲ. 1941ರಲ್ಲಿ ಪಾಲಕ್ ಎಲೆಯಿಂದ ಬೇರ್ಪಡಿಸಿದಾಗ ಅದಕ್ಕೆ ಫೋಲಿಕ್ ಆಮ್ಲ ಅಂತ ಹೆಸರಾಯಿತು. ಸೊಪ್ಪಿನಲ್ಲಿ, ಬೇಳೆ-ಕಾಳಿನಲ್ಲಿ ಇರುವ ಫೋಲೇಟ್ ಅದೇ.

ರಕ್ತದ ಕಥೆ ಮೆದುಳಿನ ಕಥೆಯಾದದ್ದು ಆಮೇಲೆ. ಗರ್ಭದಲ್ಲಿ ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಮೊದಲ ನಾಲ್ಕು ವಾರದಲ್ಲೇ ಮುಚ್ಚಿಕೊಳ್ಳಬೇಕು. ಅದು ಮುಚ್ಚದೆ ಉಳಿಯುವ ತೊಂದರೆಯನ್ನು ಫೋಲಿಕ್ ಆಮ್ಲ ಬಹುಪಾಲು ತಡೆಯುತ್ತದೆ ಅಂತ 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ ಖಚಿತಪಡಿಸಿತು. ಇವತ್ತು ಬಸುರಿಯರಿಗೆ ಕೊಡುವ ಆ ಚಿಕ್ಕ ಮಾತ್ರೆಯ ಹಿಂದೆ ಬೊಂಬಾಯಿಯ ಗಿರಣಿ ಹೆಂಗಸರಿದ್ದಾರೆ.

ಜೋಳದ ಸೀಮೆಯ ಒಗಟು

ಆಹಾರದ ಕೊರತೆ ನೇರವಾಗಿ ಮನಸ್ಸನ್ನೇ ಹಿಡಿದ ಪ್ರಕರಣ ಪೆಲ್ಲಾಗ್ರಾ. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ. ಇದರ ಜೊತೆ ಖಿನ್ನತೆ, ನಿದ್ರೆಗೇಡು, ಗೊಂದಲ, ಕೊನೆಗೆ ಬುದ್ಧಿಭ್ರಮಣೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಮೆಕ್ಕೆಜೋಳವೇ ಊಟವಾಗಿದ್ದ ಬಡವರಲ್ಲಿ ಇದು ಹಬ್ಬಿತು. ಅಲ್ಲಿನ ಮಾನಸಿಕ ಆಸ್ಪತ್ರೆಗಳಲ್ಲಿ ಪೆಲ್ಲಾಗ್ರಾ ರೋಗಿಗಳು ತುಂಬಿದ್ದರು. ಬಹಳ ಜನ ಸಾಂಕ್ರಾಮಿಕ ಅಂದುಕೊಂಡಿದ್ದರು.

1914ರಲ್ಲಿ ಸರ್ಕಾರ ಕಳಿಸಿದ ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸರಳ ಸಂಗತಿ ಗಮನಿಸಿದರು. ಅದೇ ಆಸ್ಪತ್ರೆಯ ರೋಗಿಗಳಿಗೆ ಬರುತ್ತದೆ, ಅವರನ್ನು ಮುಟ್ಟಿ ನೋಡಿಕೊಳ್ಳುವ ಸಿಬ್ಬಂದಿಗೆ ಬರುವುದಿಲ್ಲ. ವ್ಯತ್ಯಾಸ ಇದ್ದದ್ದು ಊಟದಲ್ಲಿ. 1915ರಲ್ಲಿ ಮಿಸಿಸಿಪ್ಪಿಯ ಒಂದು ಜೈಲು ತೋಟದಲ್ಲಿ, ಬಿಡುಗಡೆಯ ಭರವಸೆ ಪಡೆದು ಒಪ್ಪಿಕೊಂಡ ಆರೋಗ್ಯವಂತ ಕೈದಿಗಳಿಗೆ ಮೆಕ್ಕೆಜೋಳವೇ ಮುಖ್ಯವಾದ ಊಟ ಕೊಟ್ಟರು. ಕೆಲವೇ ತಿಂಗಳಲ್ಲಿ ಹನ್ನೊಂದು ಜನರಲ್ಲಿ ಆರು ಮಂದಿಗೆ ರೋಗ ಕಾಣಿಸಿತು. ಆದರೂ ಜನ ನಂಬಲಿಲ್ಲ. ಆಗ ಅವರು, ಅವರ ಹೆಂಡತಿ, ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ತಮಗೇ ಚುಚ್ಚಿಸಿಕೊಂಡರು. ಯಾರಿಗೂ ಅಂಟಲಿಲ್ಲ. ಕೊರತೆಯಾದ ವಸ್ತು ನಯಾಸಿನ್, ಅಂದರೆ ಬಿ3 ಅಂತ ತಿಳಿದದ್ದು 1937ರಲ್ಲಿ, ಕಾನ್ರಾಡ್ ಎಲ್ವೆಯೆಮ್ ಅವರಿಂದ. ಅಷ್ಟೊತ್ತಿಗೆ ಗೋಲ್ಡ್‌ಬರ್ಗರ್ ತೀರಿಕೊಂಡಿದ್ದರು.

ಈಗ ನಮ್ಮ ಕಡೆಗೆ ಬನ್ನಿ. ದಖ್ಖನ್ನಿನಲ್ಲಿ ಪೆಲ್ಲಾಗ್ರಾ ಕಾಣುತ್ತಿದ್ದದ್ದು ಮೆಕ್ಕೆಜೋಳ ತಿನ್ನುವವರಲ್ಲಿ ಅಲ್ಲ, ಬಿಳಿಜೋಳ ತಿನ್ನುವ ಕೂಲಿಕಾರರಲ್ಲಿ. ಇದೇ ಒಗಟು. ಮೆಕ್ಕೆಜೋಳದಲ್ಲಿ ನಯಾಸಿನ್ ದೇಹಕ್ಕೆ ಸಿಗದಂತೆ ಬಿಗಿದುಕೊಂಡಿರುತ್ತದೆ, ಬಿಳಿಜೋಳದಲ್ಲಿ ಆ ತೊಂದರೆ ಅಷ್ಟಿಲ್ಲ. ಹಾಗಿದ್ದರೂ ಯಾಕೆ? ಕೂನೂರಿನಿಂದ 1958ರಲ್ಲಿ ಹೈದರಾಬಾದಿಗೆ ಬಂದಿದ್ದ ಪೌಷ್ಟಿಕತೆ ಪ್ರಯೋಗಾಲಯದಲ್ಲಿ (ಇವತ್ತಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ) ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಒಂದು ಉತ್ತರ ಮುಂದಿಟ್ಟರು. ನಮ್ಮ ದೇಹ ಟ್ರಿಪ್ಟೊಫ್ಯಾನ್ ಅನ್ನುವ ಅಮೈನೋ ಆಮ್ಲದಿಂದಲೂ ನಯಾಸಿನ್ ಮಾಡಿಕೊಳ್ಳುತ್ತದೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ತಯಾರಾಗುವುದೂ ಅದರಿಂದಲೇ. ಜೋಳದಲ್ಲಿ ಲ್ಯೂಸಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಬಹಳ ಜಾಸ್ತಿ, ಅದು ಈ ತಯಾರಿಕೆಗೆ ಅಡ್ಡ ಬರುತ್ತದೆ ಅಂತ ಅವರ ವಾದ. ಈ ವಿವರಣೆಯ ಮೇಲೆ ಮುಂದೆ ವಿಜ್ಞಾನಿಗಳಲ್ಲಿ ಸಾಕಷ್ಟು ಚರ್ಚೆ ಆಯಿತು. ಆದರೆ ಈ ಕೆಲಸದ ನಿಜವಾದ ಬೆಲೆ ಇನ್ನೊಂದು ಕಡೆ ಇದೆ. ಜೋಳದ ಸೀಮೆಯ ಕೂಲಿಕಾರನ ಕುಗ್ಗಿದ ಮನಸ್ಸನ್ನು ಇವರು ಅವನ ತಟ್ಟೆಯ ಜೊತೆ ಇಟ್ಟು ನೋಡಿದರು. ಪೆಲ್ಲಾಗ್ರಾ ರೋಗಿಗಳ ಇಇಜಿ ತೆಗೆದು ಮೆದುಳಿನ ವಿದ್ಯುತ್ ಅಲೆಗಳನ್ನೂ ಆ ತಂಡ ದಾಖಲಿಸಿತು.

ಹಾಗಂತ ನಮ್ಮ ಉತ್ತರ ಕರ್ನಾಟಕದ ಅಕ್ಕ-ಅಣ್ಣಂದಿರು ಗಾಬರಿ ಆಗಬೇಡಿ. ದೋಷ ಜೋಳದ ರೊಟ್ಟಿಯದಲ್ಲ, ಒಂಟಿ ರೊಟ್ಟಿಯದು. ರೊಟ್ಟಿಯ ಪಕ್ಕ ಶೇಂಗಾ ಚಟ್ನಿ, ಮೊಸರು, ಕಾಳಿನ ಪಲ್ಯ, ಪುಂಡಿಪಲ್ಯ ಬಿತ್ತೋ, ಲೆಕ್ಕವೇ ಬದಲಾಯಿತು. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 15 ಮಿಲಿಗ್ರಾಂ ಆಸುಪಾಸು. ಹಿಂದಿನ ಕಾಲದಲ್ಲಿ ಘಟ್ಟದ ರೈಲು ಹಳಿಯ ಕೆಲಸಗಾರರಿಗೆ ಬೆಲ್ಲ-ಶೇಂಗಾದ ತಿನಿಸು ಮಾರುತ್ತಿದ್ದರು, ಅದೇ ಮುಂದೆ ಚಿಕ್ಕಿ ಆಯಿತು ಅಂತ ಲೋಣಾವಳಾದವರು ಹೇಳುತ್ತಾರೆ. ಮಾರಿದವರಿಗೆ ವಿಟಮಿನ್ ಲೆಕ್ಕ ಗೊತ್ತಿರಲಿಲ್ಲ. ಆದರೆ ಬಂಡೆ ಒಡೆಯುವವನಿಗೆ ರೊಟ್ಟಿ ಒಂದೇ ಸಾಲದು ಅಂತ ಗೊತ್ತಿತ್ತು.

ಪುಣೆಯ ಆರು ಹಳ್ಳಿ, ಮೈಸೂರಿನ ಒಂದು ಆಸ್ಪತ್ರೆ

ಇವತ್ತು ಪೆಲ್ಲಾಗ್ರಾ ಅಪರೂಪ. ನಮ್ಮ ಕಾಲದ ಕೊರತೆ ಬೇರೆ, ಅದರ ಹೆಸರು ಬಿ12.

ಇದು ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ: ಮಾಂಸ, ಮೀನು, ಮೊಟ್ಟೆ, ಹಾಲು. ಸೊಪ್ಪಿನಲ್ಲಿ, ಕಾಳಿನಲ್ಲಿ ಎಷ್ಟು ಹುಡುಕಿದರೂ ಇಲ್ಲ. ನರತಂತುಗಳ ಮೇಲಿನ ಹೊದಿಕೆ, ವೈರಿನ ಮೇಲೆ ರಬ್ಬರ್ ಇರುತ್ತದಲ್ಲ ಅಂಥದ್ದು, ಚೆನ್ನಾಗಿರಬೇಕಾದರೆ ಇದು ಬೇಕು. ಬೇಕಾದ ಪ್ರಮಾಣ ದಿನಕ್ಕೆ 2ರಿಂದ 2.5 ಮೈಕ್ರೋಗ್ರಾಂ ಅಷ್ಟೇ. ಯಕೃತ್ತು ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇಟ್ಟುಕೊಳ್ಳುತ್ತದೆ. ಅದಕ್ಕೇ ಇದು ಮೋಸದ ಕೊರತೆ. ಇವತ್ತಿನ ತಟ್ಟೆಯ ದೋಷ ಕಾಣುವುದು ಮೂರು-ನಾಲ್ಕು ವರ್ಷ ಆದ ಮೇಲೆ, ಅದೂ ಸುಸ್ತು, ಕೈಕಾಲು ಜುಮ್ ಅನ್ನುವುದು, ಮಂಕು, ಮರೆವು ಅನ್ನುವ ವೇಷದಲ್ಲಿ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧನಾ ಕೇಂದ್ರದಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಸುತ್ತಲಿನ ಆರು ಹಳ್ಳಿಗಳಲ್ಲಿ ತಾಯಂದಿರ ಪೌಷ್ಟಿಕತೆಯ ಅಧ್ಯಯನ ಆರಂಭಿಸಿತು. ಸುಮಾರು ಮೂರನೇ ಎರಡರಷ್ಟು ತಾಯಂದಿರಲ್ಲಿ ಬಿ12 ಕಡಿಮೆ ಇತ್ತು. ಅದೇ ತಂಡ 2006ರಲ್ಲಿ ಪುಣೆ ಭಾಗದ 441 ನಡುವಯಸ್ಸಿನ ಗಂಡಸರ ರಕ್ತಪರೀಕ್ಷೆಯ ಫಲ ಪ್ರಕಟಿಸಿತು. ಒಟ್ಟು 67 ಶೇಕಡ ಜನರಲ್ಲಿ ಬಿ12 ಕಡಿಮೆ. ಹಳ್ಳಿಯವರು, ಕೊಳೆಗೇರಿಯವರು, ನಗರದ ಮಧ್ಯಮವರ್ಗದವರು ಅಂತ ಮೂರು ಗುಂಪು. ಯಾವ ಗುಂಪಿನಲ್ಲಿ ಅತಿ ಹೆಚ್ಚು ಅಂದುಕೊಂಡಿರಿ? ನಗರದ ಮಧ್ಯಮವರ್ಗ, 81 ಶೇಕಡ. ದುಡ್ಡಿದೆ, ಫ್ರಿಜ್ ತುಂಬಿದೆ, ಆದರೂ ಕೊರತೆ.

ತಾಯಿಯ ಈ ಕೊರತೆ ಮಗುವಿನ ಮೆದುಳಿಗೆ ಮುಟ್ಟುತ್ತದೆಯೇ? ಪುಣೆ ಅಧ್ಯಯನದ ಸುಮಾರು ನೂರು ಮಕ್ಕಳನ್ನು ಒಂಬತ್ತನೇ ವಯಸ್ಸಿನಲ್ಲಿ ಪರೀಕ್ಷಿಸಿದರು. ಬಸುರಿಯಲ್ಲಿ ಬಿ12 ತೀರಾ ಕಡಿಮೆ ಇದ್ದ ತಾಯಂದಿರ ಮಕ್ಕಳು ಗಮನ ಹಿಡಿದಿಡುವ ಮತ್ತು ಆ ಕ್ಷಣದ ನೆನಪಿನ ಪರೀಕ್ಷೆಗಳಲ್ಲಿ ಸ್ವಲ್ಪ ಹಿಂದಿದ್ದರು. ಒಟ್ಟು ಬುದ್ಧಿಶಕ್ತಿಯಲ್ಲಿ ಫರಕು ಕಾಣಲಿಲ್ಲ.

ಇಂಥದೇ ಪ್ರಶ್ನೆ ನಮ್ಮ ಮೈಸೂರಿನಲ್ಲೂ ನಡೆಯಿತು. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1997-98ರಲ್ಲಿ ಅಲ್ಲಿ ನೋಂದಾಯಿಸಿಕೊಂಡ ಬಸುರಿಯರ ಮಕ್ಕಳಲ್ಲಿ 536 ಜನರನ್ನು ಒಂಬತ್ತು-ಹತ್ತನೇ ವಯಸ್ಸಿನಲ್ಲಿ ಪರೀಕ್ಷಿಸಿ 2010ರಲ್ಲಿ ಫಲ ಪ್ರಕಟಿಸಿದರು. ಇಲ್ಲಿ ತಾಯಿಯ ಫೋಲೇಟ್ ಹೆಚ್ಚಿದ್ದಷ್ಟೂ ಮಗುವಿನ ಅಂಕ ಚೆನ್ನಾಗಿತ್ತು. ಬಿ12ಕ್ಕೂ ಅಂಕಕ್ಕೂ ಸಂಬಂಧ ಕಾಣಲಿಲ್ಲ. ಪುಣೆ ಒಂದು ಹೇಳಿತು, ಮೈಸೂರು ಇನ್ನೊಂದು ಹೇಳಿತು. ನಿಜವಾದ ವಿಜ್ಞಾನ ಹೀಗೇ ಇರುತ್ತದೆ. ಒಂದು ವಿಟಮಿನ್ನಿಗೆ ಒಂದು ಫಲ ಅಂತ ಬಟನ್ ಒತ್ತಿದ ಹಾಗೆ ಅಲ್ಲ. ಫೋಲೇಟ್ ಮತ್ತು ಬಿ12 ದೇಹದಲ್ಲಿ ಜೋಡಿ ಕೆಲಸ ಮಾಡುತ್ತವೆ. ಒಂದನ್ನು ಸುರಿದು ಇನ್ನೊಂದನ್ನು ಮರೆತರೆ ಅಪಾಯ, ಫೋಲಿಕ್ ಆಮ್ಲ ರಕ್ತಹೀನತೆಯನ್ನು ಮರೆಮಾಚಿ ಬಿ12 ಕೊರತೆಯ ನರಹಾನಿ ಒಳಗೇ ಮುಂದುವರಿಯಬಹುದು.

ಅದೇ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆಗಳಿವೆ. ಅಂದು ಕೂಸಾಗಿದ್ದವರು ಈಗ ಅಜ್ಜ-ಅಜ್ಜಿ. ಅವರನ್ನು ಹುಡುಕಿ, ಹುಟ್ಟುವಾಗಿನ ಬೆಳವಣಿಗೆಗೂ ಇಂದಿನ ನೆನಪಿಗೂ ಮನಸ್ಸಿನ ಆರೋಗ್ಯಕ್ಕೂ ಏನು ನಂಟು ಅಂತ ಮೈಸೂರಿನ ಸಂಶೋಧಕರು ನೋಡುತ್ತಿದ್ದಾರೆ. ಹೆರಿಗೆ ಕೋಣೆಯಲ್ಲಿ ಸೂಲಗಿತ್ತಿಯೊಬ್ಬಳು ತೂಕ ಬರೆದಿಟ್ಟಾಗ ಮುಂದೆ ಎಂಬತ್ತು ವರ್ಷ ಆದ ಮೇಲೆ ಅದನ್ನು ಯಾರೋ ಓದುತ್ತಾರೆ ಅಂತ ಅಂದುಕೊಂಡಿರಲಿಕ್ಕಿಲ್ಲ. ಇಷ್ಟು ಹಳೆಯ ಲಾಗ್ ಫೈಲ್ ನಮ್ಮ ಯಾವ ಸರ್ವರಿನಲ್ಲೂ ಸಿಗುವುದಿಲ್ಲ!

ಹಾಗಾದರೆ ನಾವು ಏನು ತಿಳಿಯಬೇಕು?

ಊಟ ಸರಿಪಡಿಸಿದರೆ ಮನೋರೋಗವೆಲ್ಲ ಮಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2017ರಲ್ಲಿ ಆಸ್ಟ್ರೇಲಿಯಾದ ಫೆಲೀಸ್ ಜಾಕಾ ತಂಡ ಖಿನ್ನತೆ ಇದ್ದ 67 ಜನರ ಮೇಲೆ ಪ್ರಯೋಗ ಮಾಡಿತು. ಅವರಲ್ಲಿ ಹೆಚ್ಚಿನವರು ಆಗಲೇ ಚಿಕಿತ್ಸೆಯಲ್ಲಿದ್ದರು. ಹನ್ನೆರಡು ವಾರ ಕಾಳು, ತರಕಾರಿ, ಮೀನು, ಇಡಿಧಾನ್ಯದ ಊಟಕ್ಕೆ ಮಾರ್ಗದರ್ಶನ ಪಡೆದವರಲ್ಲಿ ಸುಮಾರು 32 ಶೇಕಡ ಜನರ ಖಿನ್ನತೆ ಇಳಿಯಿತು, ಬರೀ ಮಾತಿನ ಜೊತೆ ಸಿಕ್ಕವರಲ್ಲಿ 8 ಶೇಕಡ. ಆಶೆ ಹುಟ್ಟಿಸುವ ಫಲ, ಆದರೆ ಸಣ್ಣ ಪ್ರಯೋಗ. ವಯಸ್ಸಾದವರಿಗೆ ಬಿ ವಿಟಮಿನ್ ಕೊಟ್ಟ ದೊಡ್ಡ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ನೆನಪಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕೊರತೆ ಇದ್ದವರಿಗೆ ತುಂಬಿಕೊಡುವುದು ಒಂದು ಮಾತು, ಇರುವವರಿಗೆ ಇನ್ನಷ್ಟು ಸುರಿಯುವುದು ಇನ್ನೊಂದು.

ಅದಕ್ಕೇ ಈ ನೂರು ವರ್ಷದ ಇತಿಹಾಸದಿಂದ ನಾನು ತೆಗೆದುಕೊಂಡದ್ದು ಒಂದು ಪ್ರಶ್ನೆ: *ಈ ತಟ್ಟೆಯಲ್ಲಿ ಏನು ಇಲ್ಲ?* ಲೋಣಾವಳಾದ ಪರಂಪರೆ 'ಎಷ್ಟು ಸಾಕು' ಅಂತ ಕೇಳಿತು. ರಾತ್ರಿ ಹನ್ನೊಂದಕ್ಕೆ ಕಾಲ್ ಮುಗಿಸಿ ಬಿರಿಯಾನಿ ಆರ್ಡರ್ ಮಾಡುವ ನಮಗೆ ಅದೂ ಬೇಕು. ಆದರೆ ಗಿರಣಿಯ ಬಸುರಿಗೆ, ಜೋಳದ ಕೂಲಿಕಾರನಿಗೆ, ಪುಣೆಯ ಮಧ್ಯಮವರ್ಗದವನಿಗೆ ಉಪಕಾರವಾದದ್ದು ಎರಡನೇ ಪ್ರಶ್ನೆಯಿಂದ.

ಊರಲ್ಲಿರುವ ಅಪ್ಪ-ಅಮ್ಮನ ತಟ್ಟೆಯನ್ನೇ ನೋಡಿ. ಹಲ್ಲು ಹೋಗಿದೆ ಅಂತ ಕಾಳು ಬಿಟ್ಟಿರುತ್ತಾರೆ. ಕಫ ಆಗುತ್ತೆ ಅಂತ ಹಾಲು-ಮೊಸರು ಬಿಟ್ಟಿರುತ್ತಾರೆ. ಇಬ್ಬರೇ ಇದ್ದೇವೆ ಅಂತ ಬೆಳಿಗ್ಗೆ ಮಾಡಿದ ಅನ್ನ-ಸಾರೇ ರಾತ್ರಿಗೂ. ವಾರವೆಲ್ಲ ಅವಲಕ್ಕಿ, ಉಪ್ಪಿಟ್ಟು, ಅನ್ನ. ಹೊಟ್ಟೆ ತುಂಬಿರುತ್ತದೆ. ಇದರ ಮೇಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹುಳಿತೇಗಿಗೆ ದಿನಾ ಒಂದು ಆಸಿಡಿಟಿ ಮಾತ್ರೆ. ಇವೆರಡೂ ಬಹುಕಾಲ ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡಬಲ್ಲವು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಆದರೆ ಮರೆವು ಕಾಣಿಸಿಕೊಂಡಾಗ, ಅದು ವಯಸ್ಸಿನದು ಅಂತ ಮನೆಯಲ್ಲೇ ತೀರ್ಪು ಕೊಡುವ ಮೊದಲು, ಬಿ12 ಮತ್ತು ಥೈರಾಯ್ಡ್ ನೋಡಿಸಬಹುದೇ ಅಂತ ಡಾಕ್ಟರನ್ನು ಕೇಳಿ. ಎಲ್ಲ ಮರೆವೂ ಇದರಿಂದ ಬರುವುದಿಲ್ಲ. ಆದರೆ ಇದರಿಂದ ಬಂದ ಮರೆವನ್ನು ಬೇಗ ಹಿಡಿದರೆ ಬಹಳಷ್ಟು ಸಲ ಸರಿಪಡಿಸಬಹುದು, ತಡ ಮಾಡಿದರೆ ನರಕ್ಕೆ ಆದ ಹಾನಿ ಹಾಗೇ ಉಳಿದುಬಿಡಬಹುದು. ಒಂದು ರಕ್ತಪರೀಕ್ಷೆಯ ಅಂತರ ಅಷ್ಟೇ.

ರೂಮ್‌ಮೇಟ್ ವಾರಗಟ್ಟಲೆ ಮಂಕಾಗಿದ್ದರೆ ಅವನಿಗೆ ಬಾದಾಮಿ ಡಬ್ಬಿ ಕೊಟ್ಟು ಸುಮ್ಮನಾಗಬೇಡಿ. ಜೊತೆಗೆ ಕೂತು ಊಟ ಮಾಡಿ, ಮಾತಾಡಿಸಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. 14416, ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಈ ಭಾನುವಾರ ಊರಿಗೆ ಫೋನ್ ಮಾಡ್ತೀರಲ್ಲ, "ಊಟ ಆಯ್ತಾ?" ಅಂತ ಕೇಳೇ ಕೇಳ್ತೀರಿ. ಅದರ ಜೊತೆ "ಏನು ಊಟ?" ಅಂತಾನೂ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.